ಒಂಟೆ ಹೇರಿಗೆ ಜಾಮೀನು ನಿಂತವನು

ಯಾವ ಕಥೆ ಕೇಳಿದರೂ ನನ್ನ ಕಣ್ಣು ಸಿಂಹಾಸನವನ್ನು ದಾಟಿ ಬಾಗಿಲಲ್ಲಿ ನಿಂತ ಜವಾನನ ಮೇಲೆ ಹೋಗಿ ಕೂರುತ್ತದೆ. ಈ ದುರಭ್ಯಾಸದಿಂದ ನಾನು ದೊಡ್ಡವರ ನಡುವೆ ಬಹಳ ಸಲ ಮುಖಭಂಗ ಅನುಭವಿಸಿದ್ದೇನೆ. ಹೊಸಪೇಟೆಯಲ್ಲಿ ಒಮ್ಮೆ ಪುರಾಣ ನಡೆದಿತ್ತು. ದೇವೇಂದ್ರನ ಸಭೆಯ ವರ್ಣನೆ ಅರ್ಧ ತಾಸು ಸಾಗಿತು: ರತ್ನದ ಕಂಬ, ಮುತ್ತಿನ ತೋರಣ, ಹಾಲು ಚೆಲ್ಲಿದಂಥ ನೆಲಗಟ್ಟು. ನನ್ನ ಬಾಯಿ ತಡೆಯಲಿಲ್ಲ. "ಶಾಸ್ತ್ರಿಗಳೇ, ಅಷ್ಟು ದೊಡ್ಡ ಜಾಗಕ್ಕ ದಿನಾ ಕಸ ಹೊಡಿಯೋರು ಯಾರ್ರಿ?" ಎಂದು ಕೇಳಿಬಿಟ್ಟೆ. ಅಂದಿನಿಂದ ಅವರು ಮಂಗಳಾರತಿಯ ತಟ್ಟೆಯನ್ನು ಉಳಿದವರ ಮುಂದೆ ಒಂದು ಸಲ ಹಿಡಿದರೆ ನನ್ನ ಮುಂದೆ ತಪ್ಪದೆ ಎರಡು ಸಲ ಹಿಡಿಯುತ್ತಾರೆ.

ಇದು ಭಕ್ತಿ ಸಾಲದ್ದಕ್ಕೆ ಬಂದ ರೋಗವೆಂದು ನನ್ನ ಹೆಂಡತಿ ಹೇಳುತ್ತಾಳೆ. ಹೊಟ್ಟೆಪಾಡು ಕಲಿಸಿದ ವಿದ್ಯೆಯೆಂದು ನಾನು ಹೇಳುತ್ತೇನೆ. ನಾನು ಹುಟ್ಟುತ್ತಲೇ ಸಾವುಕಾರನಾದವನಲ್ಲ. ಇಂದು ಕಂಪ್ಲಿಯ ಬಜಾರದಲ್ಲಿ ಕಾಳು ಬೆಲ್ಲದ ಅಂಗಡಿ ಇಟ್ಟುಕೊಂಡು ನಾಲ್ಕು ಜನಕ್ಕೆ ಬುದ್ಧಿ ಹೇಳುವಷ್ಟಾಗಿದ್ದರೂ, ಒಂದು ಕಾಲಕ್ಕೆ ತಲೆಯ ಮೇಲೆ ಹಗ್ಗದ ಹೊರೆ ಹೊತ್ತು ಬಂಡ್ರಿ, ಸಂಡೂರು, ಯಶವಂತನಗರ ಎಂದು ಗುಡ್ಡ ಸುತ್ತಿದವನು. ಒಂದು ಗಣಿಯ ಕಚೇರಿಗೆ ಹಗ್ಗ ಮಾರಬೇಕೆಂದು ಮೂರು ದಿನ ದೊರೆಯ ಬಾಗಿಲು ಕಾದೆ. ನಾಲ್ಕನೆಯ ದಿನ ಅಲ್ಲಿಯ ಜವಾನನಿಗೇ ನನ್ನ ಮೇಲೆ ಕನಿಕರ ಹುಟ್ಟಿತು. "ದೊರಿಗೆ ಹಗ್ಗದ ಸುದ್ದಿ ಏನ್ ಗೊತ್ತೈತಿ ಹುಚ್ಚಪ್ಪಾ? ಬುಟ್ಟಿ ಜಗ್ಗಾಕ ಎಷ್ಟು ಮಾರು ಬೇಕು ಅಂತ ನನ್ನ ಕೇಳು" ಎಂದ. ಕೇಳಿದೆ. ಮಾರಿದೆ. ಅಂದಿನಿಂದ ಯಾವ ಕಚೇರಿಗೆ ಹೋದರೂ ಮೊದಲ ನಮಸ್ಕಾರ ಬಾಗಿಲಿಗೆ, ಎರಡನೆಯದು ಕುರ್ಚಿಗೆ. ಓದುವ ನೀವೂ ಈ ಕ್ರಮವನ್ನು ಇಟ್ಟುಕೊಳ್ಳಿ, ನಿಮ್ಮ ಚಪ್ಪಲಿ ಉಳಿಯುತ್ತದೆ.

ಹಂಪಿಗೆ ಹೋದಾಗಲೂ ಹೀಗೆಯೇ. ಅಲ್ಲಿ ಎರಡು ಕಲ್ಲಿನ ಕಂಬಗಳ ಮೇಲೆ ಒಂದು ತೊಲೆ ಇದೆ. ಹಿಂದಿನ ಅರಸರು ತಮ್ಮ ತೂಕದ ಬಂಗಾರವನ್ನು ಅಲ್ಲಿ ತೂಗಿ ದಾನ ಕೊಡುತ್ತಿದ್ದರೆಂದು ಹೇಳುತ್ತಾರೆ. ಬಂದವರೆಲ್ಲ ಅರಸನ ಔದಾರ್ಯಕ್ಕೆ ತಲೆದೂಗಿ ಹೋಗುತ್ತಾರೆ. ನನಗೆ ಅಲ್ಲಿ ನಿಂತರೆ ಬೇರೆಯೇ ಒಬ್ಬ ಮನುಷ್ಯ ಕಣ್ಣಿಗೆ ಕಟ್ಟುತ್ತಾನೆ. ತಕ್ಕಡಿಯ ಮುಳ್ಳು ನೋಡಲು ಯಾರೋ ಒಬ್ಬ ನಿಂತಿರಲೇಬೇಕಲ್ಲ! ಒಂದು ಕಡೆ ಚಕ್ರವರ್ತಿ ಉಸಿರು ಬಿಗಿಹಿಡಿದು ಕೂತಿದ್ದಾನೆ, ಇನ್ನೊಂದು ಕಡೆ ಬಂಗಾರ ಏರುತ್ತಿದೆ, ಖಜಾನೆಯವರು ಕಣ್ಣಲ್ಲೇ 'ಸಾಕು ಅನ್ನು' ಎನ್ನುತ್ತಿದ್ದಾರೆ. ಆ ಬಡಪಾಯಿ ಅಷ್ಟು ಜನರ ಎದುರು ಬಾಯಿ ಬಿಟ್ಟು "ಪ್ರಭೂ, ಇನ್ನೂ ಎರಡು ಹಿಡಿ ಬೇಕು" ಎನ್ನಬೇಕು! ಅವನ ಎದೆ ಎಷ್ಟು ಗಟ್ಟಿ ಇದ್ದಿರಬೇಕು! ದಾನ ಕೊಟ್ಟವನ ಹೆಸರು ಕಲ್ಲಿನಲ್ಲಿ ಉಳಿಯಿತು, ಮುಳ್ಳು ನೋಡಿದವನ ಹೆಸರು ಗಾಳಿಗೆ ಹೋಯಿತು.

ಇಂಥ ನನಗೆ ನಮ್ಮ ಇಮಾಮಸಾಬ ಯೂಸುಫ್ ಪೈಗಂಬರರ ಕಥೆ ಹೇಳಿದ. ಹೇಳಬಾರದಿತ್ತು. ಹೇಳಿದ್ದರಿಂದ ಕಂಪ್ಲಿಯಲ್ಲಿ ಏನೇನು ನಡೆಯಿತೆಂಬುದೇ ಈ ಬರಹ.

ಇಮಾಮಸಾಬ ಹತ್ತಿ ಹಿಂಜುವವನು. ವರ್ಷಕ್ಕೊಮ್ಮೆ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತು ಗಾದಿಯ ಹಳೆಯ ಹತ್ತಿಯನ್ನು ಹಿಂಜುವ ಬಿಲ್ಲಿಗೆ ಕೊಟ್ಟು ಮೋಡ ಮಾಡಿಬಿಡುತ್ತಾನೆ. ಅವನ ಕೂಲಿಯಲ್ಲಿ ನಾನು ಒಂದಾಣೆ ಮುರಿದರೆ ಅವನು ಕಥೆಯಲ್ಲಿ ಒಂದು ಭಾಗ ಮುರಿಯುತ್ತಾನೆ. ಆ ಸಲ ಯೂಸುಫರನ್ನು ಬಾವಿಗೆ ಇಳಿಸಿ ಬಿಲ್ಲು ಕೆಳಗಿಟ್ಟ. ಮಗುವಿನಂಥ ಹುಡುಗ ಬಾವಿಯಲ್ಲಿದ್ದಾನೆ, ಅಣ್ಣಂದಿರು ನಡೆದುಬಿಟ್ಟಿದ್ದಾರೆ! ಮುರಿದ ಆಣೆಯನ್ನು ಮರಳಿ ಕೊಟ್ಟು, ಮೇಲೆ ಒಂದು ಚಹಾ ತರಿಸಿದ ಮೇಲೆಯೇ ಆ ಹುಡುಗ ಮೇಲೆ ಬಂದದ್ದು.

ಮುಂದಿನದು ಸ್ವಾರಸ್ಯವಾದ ಕಥೆ. ಯೂಸುಫರು ಮಿಸರ, ಅಂದರೆ ಈಜಿಪ್ಟ್ ದೇಶದಲ್ಲಿ ಮಾರಾಟವಾದರು, ತಪ್ಪಿಲ್ಲದೆ ಜೈಲು ಕಂಡರು, ದೊರೆಯ ಕನಸಿಗೆ ಅರ್ಥ ಹೇಳಿ ಹೊರಬಂದರು, ಕೊನೆಗೆ ನಾಡಿನ ಕಣಜಗಳಿಗೆಲ್ಲ ಅವರೇ ಒಡೆಯರಾದರು. ಬರಗಾಲ ಬಿದ್ದಾಗ ಕಾಳಿಗಾಗಿ ಒಂಟೆ ಹೊಡೆದುಕೊಂಡು ಬಂದವರು ಯಾರೆಂದರೆ ಬಾವಿಗೆ ನೂಕಿದ ಅದೇ ಅಣ್ಣಂದಿರು. ಅವರಿಗೆ ಇವರ ಗುರುತಿಲ್ಲ. ಜೊತೆಗೆ ಬಂದಿದ್ದ ಒಡಹುಟ್ಟಿದ ತಮ್ಮನನ್ನು ತಮ್ಮ ಬಳಿ ಉಳಿಸಿಕೊಳ್ಳಬೇಕೆಂದು ಯೂಸುಫರು ದೊರೆಯ ಅಳತೆ ಪಾತ್ರೆಯನ್ನು ಗುಟ್ಟಾಗಿ ಆ ತಮ್ಮನ ಚೀಲಕ್ಕೆ ಸೇರಿಸಿದರು. ಒಂಟೆಗಳು ಹೊರಟವು. ಆಗ ಹಿಂದಿನಿಂದ ಒಬ್ಬ ಸಾರುವವನು ಓಡಿಬಂದು ನಿಲ್ಲಿಸಿದನಂತೆ. ದೊರೆಯ ಅಳತೆ ಕಾಣೆಯಾಗಿದೆ, ತಂದುಕೊಟ್ಟವರಿಗೆ ಒಂದು ಒಂಟೆ ಹೇರು ಕಾಳು ಸಿಗುತ್ತದೆ, ಅದಕ್ಕೆ ತಾನೇ ಜಾಮೀನು ಎಂದನಂತೆ.

ನಾನು ಕೂತಲ್ಲಿಂದ ಎದ್ದುಬಿಟ್ಟೆ. "ನಿಲ್ಲಿಸು ಇಮಾಮಸಾಬ! ಜಾಮೀನು ಯಾರು ಅಂದಿ?"

"ಆ ಸಾರೋ ಮನಶ್ಯಾರಿ."

"ಯೂಸುಫರು ಅಲ್ಲ? ಬಾದಶಹಾ ಅಲ್ಲ?"

"ಅಲ್ರಿ. ಅವನ."

ನೋಡಿ ಎಂಥ ಮಾತು! ಅವನ ಸಂಬಳ ಎಷ್ಟಿದ್ದೀತು? ಮನೆಯಲ್ಲಿ ಒಂಟೆ ಹಾಗಿರಲಿ, ಒಂದು ಕತ್ತೆಯಾದರೂ ಇತ್ತೋ ಇಲ್ಲವೋ! ಆ ಪಾತ್ರೆಯನ್ನು ಬಚ್ಚಿಟ್ಟವರು ತನ್ನ ಒಡೆಯರೇ ಎಂಬುದೂ ಆ ಪ್ರಾಣಿಗೆ ತಿಳಿದಿರಲಿಕ್ಕಿಲ್ಲ. ಬರಗಾಲದಲ್ಲಿ ಒಂದು ಹಿಡಿ ಕಾಳಿಗೆ ಜೀವ ಬಿಡುವ ನಾಡಿನಲ್ಲಿ, ನಡುಬೀದಿಯಲ್ಲಿ ನಿಂತು, ಒಂದು ಒಂಟೆ ಹೇರಿಗೆ ಜಾಮೀನು ನಿಂತ! ಅಷ್ಟು ದೊಡ್ಡ ಕಥೆಯಲ್ಲಿ ನಾನು ಹುಡುಕುತ್ತಿದ್ದ ಜವಾನ ಸಿಕ್ಕಿದ್ದ.

"ಕಡೀಕ ಆ ಒಂಟಿ ಹೇರು ಯಾರಿಗೆ ಕೊಟ್ಟ?" ಎಂದು ಕೇಳಿದೆ.

"ಕೊಡೂ ಪರಸಂಗ ಬರ್ಲಿಲ್ರಿ. ಚೀಲ ತೆಗಿಸಿ ನೋಡಿದ್ರು, ಪಾತ್ರಿ ಯೂಸುಫರ ಕಡಿಯೋರ ಕೈಗೇ ಸಿಕ್ತು."

"ಪಾರಾದ ಮಗ!" ಎಂದು ನಾನು ತೊಡೆ ತಟ್ಟಿ ನಕ್ಕೆ.

ನಗದೆ ಇದ್ದವನು ಒಬ್ಬನೇ, ಬೆಲ್ಲದ ಚೀಲಕ್ಕೆ ಒರಗಿ ಕೂತಿದ್ದ ತಳವಾರ ದುರ್ಗಪ್ಪ. ಊರ ಕಾವಲು ಅವನದು, ಡಂಗುರ ಸಾರುವುದೂ ಅವನದೇ. ಅದಕ್ಕೆ ಬಾರಿಸುವ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಥೆ ಕೇಳುತ್ತಿದ್ದವನು, "ಹಂಗನಬ್ಯಾಡ್ರಿ ಧಣೇರ" ಎಂದ. "ಅವ ಪಾರಾಗಿದ್ದು ಬ್ಯಾರೆ ಮಾತು. ಕೊಡಾಕ ತಯಾರಿದ್ದ ನೋಡ್ರಿ, ಅದು ದೊಡ್ಡದು." ಆಮೇಲೆ ಹಲಗೆಯನ್ನು ಒಂದು ಬೆರಳಿನಿಂದ ಮೆಲ್ಲಗೆ ತಟ್ಟುತ್ತ, "ಇಪ್ಪತ್ತು ವರ್ಷ ಆತ್ರಿ ನಾನು ಸಾರಾಕ ಹತ್ತಿ. ಒಂದಿನ ತಾಶೀಲ್ದಾರ್ರ ಮಾತು, ಒಂದಿನ ಶಾನಭೋಗ್ರ ಮಾತು. ನನ್ನದು ಅಂತ ಒಂದು ಮಾತೂ ಈ ಬಾಯಾಗ ಬಂದಿಲ್ಲ" ಎಂದ.

ಆ ಮಾತಿಗೆ ನಾನು ಆಗಲೇ ಗಮನ ಕೊಡಬೇಕಿತ್ತು. ಆದರೆ ಇಮಾಮಸಾಬ ಉಳಿದ ಹತ್ತಿಗೆ ಹೊಸ ಕೂಲಿ ಹೇಳಿದ್ದ, ನನ್ನ ಗಮನವೆಲ್ಲ ಅದನ್ನು ಇಳಿಸುವುದರಲ್ಲಿತ್ತು.

ಆ ದಿನಗಳಲ್ಲಿ ಹೊಳೆಗೆ ದೊಡ್ಡ ಕಟ್ಟೆ ಕಟ್ಟುತ್ತಾರಂತೆ ಎಂಬ ಸುದ್ದಿ ಹಬ್ಬಿ, ನೆಲ ಅಳೆಯುವವರು ಆಗಾಗ ಬಂದು ಡೇರೆ ಹಾಕುತ್ತಿದ್ದರು. ಕಂಪ್ಲಿಯಲ್ಲಿ ಇಳಿದಿದ್ದ ಸರ್ವೇಯರರ ಬಳಿ ಒಂದು ಕಬ್ಬಿಣದ ಸರಪಳಿ ಇತ್ತು. ನೂರು ಕೊಂಡಿ, ಅರವತ್ತಾರು ಅಡಿ. ಅದೇ ಅವರ ಕೈ, ಅದೇ ಕಾಲು. ಒಂದು ಮಧ್ಯಾಹ್ನ ಕೂಲಿಗಳು ಕಾಲುವೆಯ ಪಕ್ಕ ಬುತ್ತಿ ಬಿಚ್ಚಿ, ಉಂಡು, ಒಂದು ಗಳಿಗೆ ಒರಗಿ ಎದ್ದು ನೋಡಿದರೆ ಸರಪಳಿಯಿಲ್ಲ! ಸರ್ವೇಯರರು ಕೂಲಿಗಳನ್ನು ಬೈದರು, ಕಬ್ಬಿನ ಗದ್ದೆಯನ್ನು ಬೈದರು, ಕೊನೆಗೆ ದುರ್ಗಪ್ಪನನ್ನು ಕರೆಸಿ, "ತಂದುಕೊಟ್ಟವರಿಗೆ ತಕ್ಕ ಬಹುಮಾನ ಅಂತ ಸುತ್ತ ಊರೆಲ್ಲ ಸಾರು" ಎಂದರು.

ದುರ್ಗಪ್ಪ ಹಲಗೆಯ ಚರ್ಮ ಕಾಯಿಸಿ ಬಿಗಿ ಮಾಡಿಕೊಳ್ಳಲು ನಮ್ಮ ಅಂಗಡಿಯ ಹಿಂದೆ ಹುಲ್ಲಿಗೆ ಬೆಂಕಿ ಹಚ್ಚಿದಾಗ, ನಾನು ಸುಮ್ಮನೆ ಇರಬಹುದಿತ್ತು. ಸುಮ್ಮನಿರುವುದು ನನ್ನ ಜಾತಕದಲ್ಲಿಲ್ಲ. "ತಕ್ಕ ಬಹುಮಾನ ಅಂದ್ರ ಯಾವನು ಬಗ್ಗಿ ನೋಡ್ತಾನ ದುರ್ಗಪ್ಪ? ತಕ್ಕದ್ದು ಅಂದ್ರ ಎಷ್ಟು? ಮಾಲಿನ ಹೆಸರು ಹೇಳು, ಅಳತಿ ಹೇಳು. ಆಗ ನೋಡು ಊರೆಲ್ಲ ಹ್ಯಾಂಗ ಕಬ್ಬಿನಾಗ ನುಗ್ತೈತಿ."

"ಎಷ್ಟು ಅಂತ ಹೇಳ್ಲಿ ಧಣೇರ?"

"ಆ ಕಥಿಯಾಗ ಒಂಟಿ ಹೇರು. ನಮ್ಮಲ್ಲಿ ಒಂಟಿ ಎಲ್ಲೈತಿ? ಒಂದು ಬಂಡಿ ಜೋಳ ಅನ್ನು!"

ಇದು ನಗೆಚಾಟಿಕೆ. ಅವನು ಹೋಗಿ ಸರ್ವೇಯರರನ್ನು ಕೇಳುತ್ತಾನೆ, ಅವರು ಒಂದು ಸೇರಿಗೆ ಇಳಿಸುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಐದು ನಿಮಿಷದಲ್ಲಿ ಬಜಾರದ ಮೂಲೆಯಿಂದ ಹಲಗೆಯ ಸದ್ದು ಎದ್ದಿತು. ಅದರ ಹಿಂದೆಯೇ ದುರ್ಗಪ್ಪನ ಗಂಟಲು, ಇಪ್ಪತ್ತು ವರ್ಷದಲ್ಲಿ ನಾನೆಂದೂ ಕೇಳದಷ್ಟು ಎತ್ತರಕ್ಕೆ.

"ಕೇಳ್ರಪ್ಪೋ ಕೇಳ್ರಿ! ಸರಕಾರದ ನೂರು ಕೊಂಡಿ ಸರಪಳಿ ಕಳದೈತಿ! ತಂದುಕೊಟ್ಟವರಿಗೆ ಒಂದು ಬಂಡಿ ಜೋಳ! ಅದಕ್ಕ ಜಾಮೀನು ತಳವಾರ ದುರ್ಗಪ್ಪ! ಅಂದ್ರ ನಾನ!"

ತಕ್ಕಡಿಯನ್ನು ಅಲ್ಲೇ ಬಿಟ್ಟೆ. ಓಡಿಹೋಗಿ ತೋಳು ಹಿಡಿದು, "ಲೇ, ಸರಪಳಿ ಸಿಕ್ಕರ ಏನ್ ಮಾಡ್ತಿ?" ಎಂದೆ. "ಕೊಡ್ತೀನಿ" ಎಂದ. ಅಷ್ಟೇ. ಕಣ್ಣಲ್ಲಿ ಎಂಥ ಹೊಳಪು! ಮಿಸರ ದೇಶದ ಆ ಹೆಸರಿಲ್ಲದವನು ಸಾವಿರಾರು ವರ್ಷ ನಡೆದು ಕಂಪ್ಲಿಗೆ ಬಂದು ಇವನ ಮೈಯಲ್ಲಿ ಇಳಿದಂತಿತ್ತು. ಎಮ್ಮಿಗನೂರಿನ ದಾರಿ ಹಿಡಿದು ಹೊರಟೇಬಿಟ್ಟ.

ಮೂರು ದಿನ ಯಾರೂ ಬರಲಿಲ್ಲ. ನನಗೆ ಜೀವ ಮರಳಿತು. ನಾಲ್ಕನೆಯ ದಿನ ಬಿಸಿಲು ಏರುವ ಹೊತ್ತಿಗೆ ಎಮ್ಮಿಗನೂರಿನ ಈರಮ್ಮ ಬಂದಳು. ಗಂಡ ಹೋದ ಮೇಲೆ ಎರಡು ಎಕರೆ ಕಬ್ಬು ಗದ್ದೆಯನ್ನು ಒಬ್ಬಳೇ ನಡೆಸುವ ಹೆಂಗಸು. ಖಾಲಿ ಬಂಡಿಯನ್ನು ತಾನೇ ಹೊಡೆದುಕೊಂಡು ಬಂದಿದ್ದಳು. ಬಂಡಿಯ ಹಿಂದೆ ಒಂದು ಎಮ್ಮೆ. ಎಮ್ಮೆಯ ಕೊರಳಲ್ಲಿ ಸರಕಾರದ ಸರಪಳಿ!

ನಡೆದದ್ದು ಇಷ್ಟು. ಎಮ್ಮೆ ಕಾಲುವೆಯ ಬದಿಯಲ್ಲಿ ಮೇಯುತ್ತ ಸರಪಳಿಯ ಕೊಂಡಿಯನ್ನು ಕೊಂಬಿಗೆ ಸಿಕ್ಕಿಸಿಕೊಂಡು ಮನೆಗೆ ಬಂದಿತ್ತು. ಹಗ್ಗ ಹಳೆಯದಾಗಿತ್ತಾದ್ದರಿಂದ ದೇವರೇ ಕೊಟ್ಟನೆಂದು ಈರಮ್ಮ ಅದನ್ನೇ ಕಟ್ಟಿದ್ದಳು. ಅರವತ್ತಾರು ಅಡಿ! ಎಮ್ಮೆ ಪಕ್ಕದ ಎರಡು ಹೊಲ ಮೇಯ್ದು ಬಂದರೂ ಗೂಟ ಬಿಟ್ಟಂತಾಗುತ್ತಿರಲಿಲ್ಲ. ಅಂಥ ಸೌಕರ್ಯವನ್ನು ಬಿಟ್ಟುಕೊಡಲು ಯಾರಿಗೆ ಮನಸ್ಸು ಬಂದೀತು? ಡಂಗುರ ಕೇಳಿ ಎರಡು ದಿನ ಯೋಚಿಸಿದಳಂತೆ.

ಸರ್ವೇಯರರು ಎಮ್ಮೆಯ ಕೊರಳಿನಿಂದ ಹಿಡಿದು ನೂರು ಕೊಂಡಿಯನ್ನೂ ಎಣಿಸಿದರು. ಒಂದೂ ಕಡಿಮೆಯಿರಲಿಲ್ಲ. ಬಹಳ ಸಂತೋಷಪಟ್ಟು ಜೇಬಿಗೆ ಕೈ ಹಾಕಿ, ಒಂದು ಕಡೆ ಕೆಂಪು ಒಂದು ಕಡೆ ನೀಲಿ ಇರುವ ಹೊಸ ಪೆನ್ಸಿಲ್ ತೆಗೆದು ಅವಳ ಕೈಗಿಟ್ಟರು.

ಈರಮ್ಮ ಪೆನ್ಸಿಲನ್ನು ಎರಡೂ ಕಡೆಯಿಂದ ನೋಡಿದಳು. "ಜೋಳ ಎಲ್ಲೈತಿ?"

"ಯಾವ ಜೋಳ? ನಾನು ತಕ್ಕ ಬಹುಮಾನ ಎಂದಿದ್ದೆ" ಎಂದು ಸರ್ವೇಯರರು ದುರ್ಗಪ್ಪನ ಕಡೆ ತಿರುಗಿದರು. ಬಜಾರದ ಜನವೆಲ್ಲ ತಿರುಗಿತು. ದುರ್ಗಪ್ಪ ಮುಂದೆ ಬಂದು, "ಸಾಹೇಬ್ರು ಹೇಳಿದ್ದು ಖರೇ. ಜೋಳ ಅಂದವ ನಾನು, ಜಾಮೀನು ನಾನು" ಎಂದ. ಸರ್ವೇಯರರಿಗೆ ಅಷ್ಟೇ ಸಾಕಾಗಿತ್ತು. ಸರಪಳಿ ಹೊರಿಸಿಕೊಂಡು ಡೇರೆಗೆ ನಡೆದರು.

ಈಗ ಸಂಗತಿ ನಿಂತದ್ದು ಇಲ್ಲಿ. ದುರ್ಗಪ್ಪನ ಮನೆಯಲ್ಲಿ ಇದ್ದದ್ದು ಎರಡು ಚೀಲ ಜೋಳ. ಆ ಬಂಡಿ ಹಿಡಿಯುವುದು ಎಂಟು. ಕೊಡದಿದ್ದರೆ ಅವನ ಬಾಯಿಗೆ ಬೆಲೆ ಹೋಗುತ್ತದೆ. ಆ ಬಾಯೊಂದನ್ನು ಬಿಟ್ಟರೆ ತಳವಾರನ ಬಳಿ ಬೇರೆ ಏನಿದೆ? ನಾಳೆ ಹೊಳೆ ಏರಿದೆ ಎಂದು ಸಾರಿದರೆ, ಊರಲ್ಲಿ ಕಾಲರಾ ಬಂದಿದೆ, ನೀರು ಕಾಯಿಸಿ ಕುಡಿಯಿರಿ ಎಂದು ಸಾರಿದರೆ, ಜನ ಹಾಸಿಗೆಯಲ್ಲೇ ಮಗ್ಗುಲು ಬದಲಿಸಿ, "ಅವನ ಬಂಡಿ ಜೋಳದಂಗ ಇದೂ ಒಂದು" ಎನ್ನುತ್ತಾರೆ. ಈ ಎಲ್ಲಕ್ಕೂ ಬೀಜ ಬಿತ್ತಿದವನು ಯಾರೆಂದು ನನಗೆ ಗೊತ್ತಿತ್ತು. ಅದಕ್ಕೇ, ಚೌಕಾಶಿಯಲ್ಲಿ ಹೊಸಪೇಟೆಯಿಂದ ಸಂಡೂರಿನವರೆಗೆ ಹೆಸರಾದ ನಾನು ಮುಂದೆ ಬಂದು ಈರಮ್ಮನಿಗೆ ಕೈ ಮುಗಿದೆ.

"ಅವ್ವಾ, ಸರಪಳಿ ಹಳೇದು. ಒಂದು ಚೀಲ ತಗೊಂಡು ಹೋಗು."

"ಹಳೇದಾ? ಮೂರು ದಿನ ನನ್ನ ಎಮ್ಮಿ ಜಗ್ಗೈತಿ, ಒಂದು ಕೊಂಡಿ ಬಿಚ್ಚಿಲ್ಲ."

"ಎರಡು ಚೀಲ."

"ನೀ ಸಾವ್ಕಾರ ಆಗಿದ್ದು ಹ್ಯಾಂಗ ಅಂತ ಈಗ ತಿಳೀತು ನೋಡಪ್ಪಾ."

ಜನ ನಕ್ಕರು. "ಮೂರು. ಅದರ ಮ್ಯಾಲ ಒಂದು ಅಚ್ಚು ಬೆಲ್ಲ" ಎಂದೆ.

"ಬಿಸಿಲಾಗ ಎತ್ತು ನಿಂತಾವ. ಜಲ್ದಿ ಎಂಟಕ್ಕ ಬಾ."

ನನ್ನ ಬಳಿ ಇಸ್ಪೀಟಿನ ಕೊನೆಯ ಎಲೆಯಂತೆ ಒಂದು ಮಾತು ಉಳಿದಿತ್ತು. ಹತ್ತಿರ ಹೋಗಿ ದನಿ ತಗ್ಗಿಸಿ, "ಇದು ಸರಕಾರದ ಜೋಳ ಅಲ್ಲವ್ವಾ. ಈ ದುರ್ಗಪ್ಪನ ಹೆಂಡರ ಮಕ್ಕಳು ಉಣ್ಣೂ ಜೋಳ" ಎಂದೆ. ಈರಮ್ಮ ದುರ್ಗಪ್ಪನ ಕಡೆ ತಿರುಗಿ ನೋಡಿದಳು. ಗೆದ್ದೆ ಎಂದುಕೊಂಡು ದುರ್ಗಪ್ಪನಿಗೆ ಕಣ್ಣು ಹೊಡೆದೆ. ಅವನು ಮುಖ ತಿರುಗಿಸಿದ.

"ಖರೇನೇನೋ ತಮ್ಮಾ?" ಎಂದು ಅವಳು ಅವನನ್ನೇ ಕೇಳಿದಳು.

"ಖರೇ ಅಕ್ಕಾ. ಎರಡು ಚೀಲ ಐತಿ, ಇವತ್ತ ತಗೋ. ಉಳದಿದ್ದು ಸುಗ್ಗಿ ಸುಗ್ಗಿಗೆ ತಂದು ಹಾಕ್ತೀನಿ."

"ಆ ಎರಡು ನಿನ್ನ ಮಕ್ಕಳು ಉಣ್ಲಿ. ಸುಗ್ಗಿಗೇ ಕೊಡು. ಆದರ ಎಂಟು ಅಂದ್ರ ಎಂಟ." ಆಮೇಲೆ ಜನರ ಕಡೆ ತಿರುಗಿ ಅವಳು ಆಡಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ನಾ ಬಿಟ್ಟುಕೊಡ್ತೀನಿ ಅಂತ ಈ ಸಾವ್ಕಾರ ಕಾಯಾಕ ಹತ್ಯಾನ. ಇವ ಸಾರಿದಾಗ ನಮ್ಮ ಊರಿಗೆ ಊರ ನಕ್ಕಿತು, ತಳವಾರ ಎಲ್ಲಿಂದ ಕೊಡ್ತಾನ ಅಂತ. ನಾನೊಬ್ಬಾಕಿ ನಂಬಿ ಎಮ್ಮಿ ಕೊಳ್ಳಾಗಿನ ಸರಪಳಿ ಬಿಟ್ಟುಕೊಟ್ಟೆ. ಬ್ಯಾಡಪ್ಪಾ ಅಂತ ನಾ ಈಗ ಹೋದ್ರ ಇವನ ಮಾತೂ ಸುಳ್ಳಾತು, ನಾ ನಂಬಿದ್ದೂ ಸುಳ್ಳಾತು."

ದುರ್ಗಪ್ಪನ ಮುಖ ಅರಳಿತು. ಎಂಟು ಚೀಲದ ಭಾರ ತಲೆಯ ಮೇಲೆ ಬಿದ್ದವನ ಮುಖ ಹಾಗೆ ಅರಳಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಅವನ ಮಾತನ್ನು ಕ್ಷಮಿಸದೆ, ಮಾತೆಂದು ತಿಳಿದು ಬೆಲೆ ಕೇಳಿದವರು ಅವನ ಬಾಳಿನಲ್ಲಿ ಅವಳೇ ಮೊದಲಿರಬೇಕು.

ಆದರೆ ಈರಮ್ಮ ಮುಗಿಸಿರಲಿಲ್ಲ. "ಜೋಳಕ್ಕ ಇವ ಜಾಮೀನು. ಬರೂ ಸುಗ್ಗೀಗೆ ಇವನಿಗೆ ಜಾಮೀನು ಯಾರು?"

ಪಕ್ಕದ ಅಂಗಡಿಯವನು ಒಮ್ಮೆಲೇ ಒಳಗೆ ಏನನ್ನೋ ಹುಡುಕಲು ಹೋದ. ನಾನೂ ಹೋಗಬಹುದಿತ್ತು. ವ್ಯಾಪಾರಕ್ಕೆ ಇಳಿದ ಮೇಲೆ ನಾನು ಯಾರಿಗೂ ಜಾಮೀನು ನಿಂತವನಲ್ಲ, ಸ್ವಂತ ಭಾವಮೈದುನನಿಗೂ. ಅಂಥ ನನ್ನ ಬಾಯಿಂದ, ನನ್ನನ್ನು ಒಂದು ಮಾತೂ ಕೇಳದೆ, "ನಾನು" ಎಂಬ ಸದ್ದು ಹೊರಬಂತು. ಯಾರು ಅಂದದ್ದೆಂದು ನಾನೇ ಹಿಂದೆ ತಿರುಗಿ ನೋಡಿದೆ.

"ಹಂಗಾದ್ರ ಬಂಡಿ ಹತ್ತು" ಎಂದಳು ಈರಮ್ಮ.

"ಯಾಕವ್ವಾ?"

"ಬಂಡಿ ತುಂಬಿಸ್ಕೊಂಡು ಬರ್ತೀನಿ ಅಂತ ಊರಾಗ ಹೇಳಿ ಬಂದೀನಿ. ಖಾಲಿ ಹೊಡಕೊಂಡು ಹೋಗಲೇನು? ಏನಾರ ಒಂದು ಹೇರಬೇಕು. ನೀನ ಕುಂದ್ರು."

ಹೀಗೆ ನಾನು, ಕಂಪ್ಲಿಯ ಕಾಳಿನ ವ್ಯಾಪಾರಿ, ಜೋಳದ ಬದಲು ಬಂಡಿಯಲ್ಲಿ ಹೇರಲ್ಪಟ್ಟು ನಡುಹಗಲಲ್ಲಿ ಎಮ್ಮಿಗನೂರಿಗೆ ಹೊರಟೆ. ಮುಂದೆ ದುರ್ಗಪ್ಪ ಹಲಗೆ ಬಾರಿಸುತ್ತ ನಡೆದ. ಹಿಂದೆ ಎಮ್ಮೆ, ಈಗ ನನ್ನ ಅಂಗಡಿಯ ಹೊಸ ಹಗ್ಗದಲ್ಲಿ. ಊರ ಬಾಗಿಲಲ್ಲಿ ಜನ ಸೇರಿ ಬಂಡಿಯಲ್ಲಿ ಇಣುಕಿದಾಗ ಈರಮ್ಮ, "ಮೊದಲ್ನೇ ಹೇರು ಬಂತು ನೋಡ್ರಿ. ಇದನ್ನ ಮಾತ್ರ ಬೀಸಾಕ ಬರಂಗಿಲ್ಲ" ಎಂದಳು. ಅವರು ನಕ್ಕದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಆದರೂ ಹೇಳುತ್ತೇನೆ, ಅಷ್ಟು ಉಬ್ಬಿದ ಎದೆಯಲ್ಲಿ ನಾನು ಯಾವ ಊರಿಗೂ ಕಾಲಿಟ್ಟಿಲ್ಲ.

ಜಾಮೀನು ನಿಲ್ಲುವುದೆಂದರೆ ಏನೆಂದು ಆಮೇಲೆ ತಿಳಿಯಿತು. ದುರ್ಗಪ್ಪ ಕೆಮ್ಮಿದರೆ ನನಗೆ ಜ್ವರ! ಅವನ ಗಂಟಲು ಕಟ್ಟಿದೆಯೆಂದು ಕೇಳಿದ ದಿನ ಶುಂಠಿ ಮೆಣಸು ಕಳಿಸಿದೆ. ಅವನ ಮನೆಯ ಮಾಡು ಸೋರುತ್ತದೆಂದು ತಿಳಿದು ನಾಲ್ಕು ಕಟ್ಟು ಸೋಗೆ ಕಳಿಸಿದೆ. ಅವನು ಈಜಲು ಹೊಳೆಗಿಳಿದರೆ ದಡದಲ್ಲಿ ನಿಂತು, "ಲೇ, ಆಳಕ್ಕ ಹೋಗಬ್ಯಾಡ!" ಎಂದು ಕೂಗಿದೆ. ಇಪ್ಪತ್ತು ವರ್ಷ ದಿನಾ ನೋಡಿದ ಮನುಷ್ಯನಿಗೆ ಎಷ್ಟು ಮಕ್ಕಳೆಂದು ಸಹ ನನಗೆ ಗೊತ್ತಿರಲಿಲ್ಲ, ಈಗ ಅವರ ಹಲ್ಲುನೋವೂ ಗೊತ್ತು. ನೆರೆಯವರ ಮೇಲೆ ಪ್ರೀತಿ ಹುಟ್ಟುವುದಿಲ್ಲವೆಂದು ಕೊರಗುವವರಿಗೆ ನನ್ನದೊಂದು ಸಲಹೆ: ಅವರಿಗೆ ಜಾಮೀನು ನಿಂತು ನೋಡಿ.

ಸುಗ್ಗಿಯ ಕಣದಲ್ಲಿ ಊರ ಕೆಲಸದವರಿಗೆ ರೈತರು ಕೊಡುವ ಪಾಲಿಗೆ ನಮ್ಮಲ್ಲಿ ಆಯ ಎನ್ನುತ್ತಾರೆ. ದುರ್ಗಪ್ಪನಿಗೆ ಬರುವುದು ಅದೇ. ಸಾಮಾನ್ಯವಾಗಿ ಬುಟ್ಟಿ ತುಂಬಿ, ಮೇಲೆ ಕೈಯಾಡಿಸಿ, ಸಪಾಟು ಮಾಡಿ ಕೊಡುವುದು ರೂಢಿ. ಆ ವರ್ಷ ಯಾವ ರೈತನೂ ಅವನ ಬುಟ್ಟಿಯ ಮೇಲೆ ಕೈಯಾಡಿಸಲಿಲ್ಲ. ಗುಪ್ಪೆ ಗುಪ್ಪೆಯಾಗಿಯೇ ಸುರಿದರು. ಮೊದಲ ಸುಗ್ಗಿಗೆ ಎರಡು ಚೀಲ, ಮುಂದಿನದಕ್ಕೆ ಮೂರು, ಅದರ ಮುಂದಿನದಕ್ಕೆ ಮೂರು. ಅಂಗಡಿಯಿಂದ ನಾನು ಒಂದು ಕಾಳು ಕೊಡುವ ಪ್ರಸಂಗ ಬರಲಿಲ್ಲ. ಕೊನೆಯ ಚೀಲ ಇಳಿಸಿದಾಗ ಮಾತ್ರ ಈರಮ್ಮ ನನ್ನ ಕಡೆ ಕೈ ಒಡ್ಡಿ, "ಜಾಮೀನುದಾರ, ಕೊಸರು ಎಲ್ಲಿ?" ಎಂದಳು. ಜೀವನವಿಡೀ ಗಿರಾಕಿಗಳಿಗೆ ಅಳತೆಯ ಮೇಲೆ ಕೊಸರು ಕೊಡಲು ಗೊಣಗಿದವನು ಒಂದು ಬೊಗಸೆ ಸುರಿದೆ. ಅವಳು ಇನ್ನೂ ಕೈ ತೆಗೆಯಲಿಲ್ಲ. ಇನ್ನೊಂದು ಸುರಿದೆ.

ಇದನ್ನೆಲ್ಲ ಇಮಾಮಸಾಬನಿಗೆ ಹೇಳಿದಾಗ ಅವನು ಹಿಂಜುವುದನ್ನು ನಿಲ್ಲಿಸಿ ಯೋಚಿಸಿದ. "ಆ ಮಿಸರದವನ ಹಿಂದ ಯೂಸುಫರ ಕಣಜ ಇತ್ರಿ ಸಾವ್ಕಾರ್ರ. ಧೈರ್ಯ ಮಾಡಿದ. ನಮ್ಮ ದುರ್ಗಪ್ಪನ ಹಿಂದ ಏನೂ ಇರ್ಲಿಲ್ಲ" ಎಂದ. ಆಮೇಲೆ ಬಿಲ್ಲು ಎತ್ತಿಕೊಂಡು, "ಹಂಗಂತ ಅವನ ಕೂಲಿ ಇವನ ಕೂಲಿ ಹೋಲಿಸಿ ನಂದು ಮುರೀಬ್ಯಾಡ್ರಿ ಮತ್ತ" ಎಂದೂ ಸೇರಿಸಿದ.

ಈಗ ನನ್ನ ಬಳಿ ಜಾಮೀನು ನಿಲ್ಲಿರೆಂದು ಬರುವವರು ಹೆಚ್ಚಾಗಿದ್ದಾರೆ. ನಾನು ಇಲ್ಲ ಎನ್ನುವುದಿಲ್ಲ. "ನೀ ಕೊಡೂ ಮಾತನ್ನ ಮೊದಲು ಬಜಾರದ ನಡಕ ನಿಂತು ದುರ್ಗಪ್ಪನಂಗ ಗಟ್ಟಿಯಾಗಿ ಕೂಗಿ ಹೇಳು. ದನಿ ನಡಗಲಿಲ್ಲ ಅಂದ್ರ ನಾ ನಿಲ್ತೀನಿ" ಎನ್ನುತ್ತೇನೆ. ಹತ್ತರಲ್ಲಿ ಎಂಟು ಜನ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಾರೆ. ಇದು ಬಹಳ ಒಳ್ಳೆಯ ಪರೀಕ್ಷೆ, ನೀವೂ ಬಳಸಿ. ಆದರೆ ನಿಮ್ಮ ಮೇಲೆಯೇ ಬಳಸಿಕೊಳ್ಳಬೇಡಿ. ಮೊನ್ನೆ ಮಧ್ಯಾಹ್ನ ಅಂಗಡಿ ಮುಚ್ಚಿ ಊಟಕ್ಕೆ ಬಂದವನು ಹಿತ್ತಲಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ಎದೆ ಸೆಟೆಸಿ, ನಾನು ಗಿರಾಕಿಗಳಿಗೆ ದಿನಕ್ಕೆ ನಲವತ್ತು ಸಲ ಆಡುವ ಮಾತನ್ನು ದುರ್ಗಪ್ಪನ ಎತ್ತರಕ್ಕೆ ಕೂಗಿದೆ: "ಕೇಳ್ರಪ್ಪೋ! ಇದಕ್ಕಿಂತ ಕಡಿಮಿಗೆ ನನಗ ಗಿಟ್ಟಂಗಿಲ್ಲ!"

ಅಡಿಗೆಮನೆಯ ಕಿಟಕಿಯಿಂದ ನನ್ನ ಹೆಂಡತಿ ಇಣುಕಿದಳು. "ಯಾರ ಮುಂದ ಸುಳ್ಳು ಹೇಳಾಕ ಹತ್ತೀರಿ?"